ಅರ್ಥದ ಹಂಗಿಲ್ಲದ ಪದ್ಯ: ಮಕ್ಕಳ ಜನಪದ ಪ್ರಾಸಗಳ ಸೊಗಸು



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಮಕ್ಕಳ ಬಾಯಲ್ಲಿ ಪ್ರಾಸ ಹೇಳಿಸಿದ ಮೇಲೆಯೇ ಪಾಠಕ್ಕೆ ಕೂರುತ್ತಿದ್ದರು ಎಂದು ಅವರ ಶಿಷ್ಯರು ಈಗತಾನೇ ನೆನೆದರು. ಅಂಥವರ ಹೆಸರಿನಲ್ಲಿ, ಅದೂ ಜಾನಪದ ಜಂಗಮ ಎಸ್. ಕೆ. ಕರೀಂ ಖಾನರ ನೆಲವಾದ ಸಕಲೇಶಪುರ ಸೀಮೆಯಲ್ಲಿ, ಮಾತಾಡುವ ಅವಕಾಶ ನನ್ನ ಪಾಲಿನ ಭಾಗ್ಯ.

ಪಂಜೆಯವರೂ ರಾಜರತ್ನಂ ಅವರೂ ಮಕ್ಕಳ ಪದ್ಯಕ್ಕೆ ಕೊಟ್ಟದ್ದೇನು, 1846ರಲ್ಲಿ ಎಡ್ವರ್ಡ್ ಲಿಯರ್, 1923ರಲ್ಲಿ ಬಂಗಾಳದ ಸುಕುಮಾರ ರಾಯ್ ಅಸಂಬದ್ಧ ಪದ್ಯಗಳನ್ನು ಹೇಗೆ ಪುಸ್ತಕವಾಗಿಸಿದರು ಎಂಬುದೆಲ್ಲ ಗ್ರಂಥಾಲಯದಲ್ಲಿ ಸಿಗುತ್ತದೆ. ನನ್ನ ತಕರಾರು ಬೇರೆಯದು.

‘ಅವಲಕ್ಕಿ ಪವಲಕ್ಕಿ’ಯಂಥ ಪ್ರಾಸಗಳಿಗೆ ಒಂದು ಕಾಲಕ್ಕೆ ಅರ್ಥವಿತ್ತು, ಬಾಯಿಂದ ಬಾಯಿಗೆ ಬಿದ್ದು ಅದು ಕೆಟ್ಟಿತು ಎನ್ನುವವರಿದ್ದಾರೆ. ಪುರಾಣವನ್ನೋ ಮರೆತ ಯುದ್ಧವನ್ನೋ ಅವುಗಳೊಳಗಿಂದ ಅಗೆದು ತೆಗೆಯುವವರೂ ಇದ್ದಾರೆ. ಅವರ ಶ್ರದ್ಧೆಗೆ ನಮಸ್ಕಾರ. ವಾದವನ್ನು ಮಾತ್ರ ಒಪ್ಪಲಾರೆ. ಇಂಗ್ಲಿಷ್ ಪ್ರಾಸಗಳಿಗೆ ಅಂಟಿಸಿದ್ದ ಇಂಥ ಗುಪ್ತಾರ್ಥಗಳಿಗೆ ಆಧಾರ ಸಾಲದೆಂದು ಆ ಪ್ರಾಸಗಳನ್ನು ಸಂಗ್ರಹಿಸಿದ ಓಪಿ ದಂಪತಿ 1951ರಲ್ಲೇ ತೋರಿಸಿಕೊಟ್ಟರು.

ಆಷಾಢದ ಮಳೆಗೆ ಹೊರಗೆ ಕಾಲಿಡಲಾಗದ ಹೊತ್ತು, ಕಾಫಿ ತೋಟದ ಲೈನ್ ಮನೆಯ ಜಗಲಿಯನ್ನು ನೋಡಿ. ಮಕ್ಕಳು ನೆಲದ ಮೇಲೆ ಅಂಗೈ ಊರಿ ಸುತ್ತ ಕೂತಿರುತ್ತಾರೆ. ಒಬ್ಬಳು ‘ಅವಲಕ್ಕಿ ಪವಲಕ್ಕಿ’ ಹೇಳುತ್ತಾ ಒಂದೊಂದು ಪೆಟ್ಟಿಗೆ ಒಂದೊಂದು ಕೈ ಮುಟ್ಟುತ್ತಾ ಹೋಗುತ್ತಾಳೆ. ಕೊನೆಯ ಸದ್ದು ಯಾರ ಕೈಮೇಲೆ ಬಿತ್ತೋ ಆ ಕೈ ಆಟದಿಂದ ಹೊರಗೆ. ಮನೆಯಲ್ಲಿ ತುಳು, ತಮಿಳು ಆಡುವ ಮಕ್ಕಳೂ ಅಲ್ಲಿ ತಡವರಿಸುವುದಿಲ್ಲ. ಯಾರಿಗೂ ಅರ್ಥವಾಗಬೇಕಿಲ್ಲದ ಪದ್ಯ ಎಲ್ಲರದೂ ಆಗುತ್ತದೆ.

ಈಗ ಆ ಪ್ರಾಸದ ಕೊನೆಯ ಸದ್ದುಗಳನ್ನು ಗಮನಿಸಿ. ನಮ್ಮ ಮಾತು ಸ್ವರದಲ್ಲಿ ಮುಗಿಯುತ್ತದೆ. ಬಸ್ಸನ್ನೂ ನಾವು ‘ಬಸ್ಸು’ ಮಾಡಿಕೊಂಡವರು. ಈ ಪ್ರಾಸ ಮಾತ್ರ ವ್ಯಂಜನದಲ್ಲಿ ಥಟ್ಟನೆ ಕಡಿಯುತ್ತದೆ. ಅಚ್ಚಗನ್ನಡದ ಪದಗಳು ಸಾಮಾನ್ಯವಾಗಿ ‘ಡ’ಕಾರದಿಂದ ಶುರುವಾಗುವುದಿಲ್ಲ, ಇಲ್ಲಿ ಶುರುವಾಗುತ್ತವೆ. ಸವೆದು ಕೆಟ್ಟ ಪದ್ಯವಾಗಿದ್ದರೆ ಅದು ಕನ್ನಡದ ಜಾಯಮಾನಕ್ಕೆ ಒಗ್ಗುತ್ತಾ ಬರಬೇಕಿತ್ತು. ಇದು ಅದಕ್ಕೆ ಎದುರಾಗಿ ನಿಂತಿದೆ. ಕೈ ಹೊರಗಾಯಿತೆಂದು ತಕರಾರಿಲ್ಲದೆ ತೀರ್ಮಾನವಾಗಲು ಅಂಥ ಕಡಿತವೇ ಬೇಕು.

ಇನ್ನೊಂದು ಮಾತು. ಅಡುಗೆಮನೆಯಲ್ಲಿ ನಾವು ‘ಅವಲಕ್ಕಿ ಗಿವಲಕ್ಕಿ’ ಎನ್ನುತ್ತೇವೆ. ಅವಲಕ್ಕಿ ಮತ್ತು ಅಂಥದ್ದು ಎಂದು ಅರ್ಥ. ಮಗು ‘ಗಿ’ ಬಿಟ್ಟು ‘ಪ’ ಹಿಡಿಯಿತು, ಆ ಅರ್ಥವೂ ಹೋಯಿತು. ಇರಾನಿನ ಮಕ್ಕಳು ಕಾಲು ಚಾಚಿ ಕೂತು, ಕಾಲು ಮುಟ್ಟಿ ಎಣಿಸುವ ‘ಅತಲ್ ಮತಲ್’ ಪ್ರಾಸದಲ್ಲಿ ಇದು ತಿರುವುಮುರುವು: ಮೊದಲ ಪದವೇ ನಿರರ್ಥಕ, ಅದರ ಬೆನ್ನಿಗೆ ಬರುವ ‘ಮ’ ಮಾತ್ರ ಪಾರಸಿಯ ದಿನಬಳಕೆಯ ಜೋಡಿಪದಗಳದ್ದು. ಎರಡೂ ಕಡೆ ಒಂದು ಕಾಲು ಪರಿಚಿತ ನೆಲದ ಮೇಲಿದೆ. ಸೊಗಸು ಇರುವುದು ಇಲ್ಲಿ.

ಮಕ್ಕಳ ಪದ್ಯಕ್ಕೆ ನಾಲ್ಕು ಪೆಟ್ಟಿನ ಸಾಲೇ ಲೋಕಸಾಮಾನ್ಯವಿರಬಹುದೆಂದು ಮಾನವಶಾಸ್ತ್ರಜ್ಞ ರಾಬಿನ್ಸ್ ಬರ್ಲಿಂಗ್ 1966ರಲ್ಲಿ ಊಹಿಸಿದರು. ಲಯದ ಮಟ್ಟಿಗೆ ಅದು ಬೆಲೆಯುಳ್ಳ ಮಾತು. ಆದರೆ ಪೆಟ್ಟಿನ ಲೆಕ್ಕ ಚಪ್ಪಾಳೆಯನ್ನು ವಿವರಿಸೀತು, ‘ಪ’ಕಾರವನ್ನು ವಿವರಿಸದು.

ಈ ಸೀಮೆಯ ಶಿಕ್ಷಕರಲ್ಲಿ, ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ಮಕ್ಕಳು ಹೇಳುವ ಪ್ರಾಸವನ್ನು ಬರೆದಿಡಿ. ಯಾವ ಸದ್ದಿಗೆ ಕೈ ಎಲ್ಲಿ ಬಿತ್ತೆಂಬುದನ್ನೂ ಬರೆಯಿರಿ. ಒಂದಕ್ಷರವನ್ನೂ ತಿದ್ದಬೇಡಿ.