ಓದಿನ ನಡುವೆ ದೇಹದ ಹಕ್ಕು

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹೊರಟಿದ್ದ ಯುವ ಸಹಾಬಿಯೊಬ್ಬರನ್ನು ಪ್ರವಾದಿವರ್ಯರು(ಸ) ತಡೆದು, ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಕಲಿಸಿದರು. ಆರಾಧನೆಯ ಹೆಸರಿನಲ್ಲೇ ಆ ಹಕ್ಕನ್ನು ಕಸಿಯುವ ಅನುಮತಿ ಇಲ್ಲದಿರುವಾಗ, ಪಿಯುಸಿ, ಸಿಇಟಿ, ನೀಟ್‌ಗಳ ಹೆಸರಿನಲ್ಲಿ ಕಸಿಯಲು ನಮಗೆ ಅನುಮತಿ ಕೊಟ್ಟವರಾರು?

ರಾಯಚೂರು ಜಿಲ್ಲೆಯಲ್ಲಿ ನಿಂತು ತೂಕ ಇಳಿಸುವ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರವು ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲಾರಂಭಿಸಿದಾಗ ಆಯ್ದುಕೊಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಕಾರಣ, ಅಪೌಷ್ಟಿಕತೆ. ಬಡ ಮಗುವಿನ ತಟ್ಟೆಯ ಮೊಟ್ಟೆಯನ್ನೂ ವಿವಾದ ಮಾಡಿದವರಿದ್ದರು. ಅದು ಬೇರೆಯೇ ಚರ್ಚೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇದೇ ಕರ್ನಾಟಕದ ವಯಸ್ಕರಲ್ಲಿ ಶೇ. 30ರಷ್ಟು ಮಂದಿ ಅಧಿಕ ತೂಕದವರು. ಹಸಿವೂ ಬೊಜ್ಜೂ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ವಾಸವಾಗಿವೆ.

ತುಂಗಭದ್ರಾ ಎಡದಂಡೆ ಕಾಲುವೆಯು ಸಿಂಧನೂರನ್ನು ಭತ್ತದ ನಾಡಾಗಿಸಿತು. ಅನ್ನ ತುಂಬಿದ ತಟ್ಟೆ ನಮ್ಮ ಹಿರಿಯರ ಪಾಲಿಗೆ ಗೆಲುವಿನ ಗುರುತಾಗಿತ್ತು. ಅವರು ಅದನ್ನುಂಡು ಗದ್ದೆಗಿಳಿಯುತ್ತಿದ್ದರು. ಅವರ ಮೊಮ್ಮಕ್ಕಳು ಅಷ್ಟೇ ಅನ್ನ ಉಂಡು ಟ್ಯೂಷನ್ನಿನ ಬೆಂಚಿನ ಮೇಲೆ ಕೂರುತ್ತಾರೆ. ಮಸ್ಕಿಯಿಂದ ಸಿಂಧನೂರಿಗೋ, ಮುದಗಲ್ಲಿನಿಂದ ಲಿಂಗಸುಗೂರಿಗೋ ಬಸ್ಸು ಹಿಡಿಯುವ ವಿದ್ಯಾರ್ಥಿಯ ದಿನವನ್ನು ನೋಡಿ. ಬೆಳಿಗ್ಗೆ ಹೋಟೆಲಿನ ಒಗ್ಗರಣೆ-ಮಿರ್ಚಿ, ತರಗತಿಗಳ ನಡುವೆ ನಾಲ್ಕು ಚಹಾ, ಸಂಜೆ ಬಸ್ ನಿಲ್ದಾಣದಲ್ಲಿ ತಂಪು ಪಾನೀಯ, ರಾತ್ರಿ ಹತ್ತಕ್ಕೆ ಮನೆಯಲ್ಲಿ ದೊಡ್ಡ ಊಟ, ಬಳಿಕ ಮೊಬೈಲು. ನಮಗೆ ಸಮಯವಿಲ್ಲ ಎಂದು ಈತ ಹೇಳಿದರೆ ಅದು ಸುಳ್ಳಲ್ಲ. ಜಿಮ್ಮಿಗೆ ಸಮಯವೂ ಇಲ್ಲ, ಹಣವೂ ಇಲ್ಲ. ಆದ್ದರಿಂದ ದಿನಕ್ಕೆ ಹೊಸದೇನನ್ನೂ ಸೇರಿಸಿರಿ ಎಂದು ನಾವು ಹೇಳುವುದಿಲ್ಲ. ಇರುವುದರಲ್ಲೇ ಒಂದನ್ನು ಬದಲಿಸಿರಿ.

ಚಹಾದಿಂದಲೇ ಆರಂಭಿಸೋಣ. ಕಪ್ಪಿಗೆ ಎರಡು ಚಮಚದಂತೆ ನಾಲ್ಕು ಕಪ್ಪಿಗೆ ಎಂಟು ಚಮಚ, ಅಂದರೆ ಸುಮಾರು 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನಷ್ಟು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ತಿಳಿಸಿದೆ. ಎರಡು ಕಪ್ಪು ಬಿಟ್ಟರೆ ಸಕ್ಕರೆಯಲ್ಲೇ 80 ಕ್ಯಾಲರಿ ಉಳಿಯಿತು. ನೂರು ದಿನಕ್ಕೆ 8,000. ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700 ಕ್ಯಾಲರಿ! ದೇಹವು ಅಂಗಡಿಯ ಲೆಕ್ಕದ ಪುಸ್ತಕದಂತೆ ಕರಾರುವಾಕ್ಕಾಗಿ ನಡೆಯುವುದಿಲ್ಲ, ನಿಜ. ಆದರೆ ದಿಕ್ಕು ಬದಲಾಗುತ್ತದೆ. ತಂಪು ಪಾನೀಯದ ಬಾಟಲಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಜಾಗದಲ್ಲಿ ನೀರು ಸಾಕು.

ಇನ್ನು ತಟ್ಟೆ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ ಬೋಧನೆಯನ್ನು ನಾವು ಭಾಷಣಗಳಲ್ಲಿ ಕೇಳುತ್ತೇವೆ, ವಲೀಮಾದಲ್ಲಿ ಮರೆಯುತ್ತೇವೆ. ಜೋಳದ ರೊಟ್ಟಿಯಲ್ಲಿ ಮಾಂತ್ರಿಕ ಶಕ್ತಿಯೇನೂ ಇಲ್ಲ. ಆದರೆ ಅದರಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ನಾರು ಹೆಚ್ಚು, ಜಗಿಯಲು ಸಮಯ ಬೇಕು, ಬೇಗ ತೃಪ್ತಿಯಾಗುತ್ತದೆ. ಕಾಳುಪಲ್ಯ, ಸೊಪ್ಪು, ಮೊಟ್ಟೆಯನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಬಡಿಸಿಕೊಳ್ಳಿರಿ. ಊಟ ಬಿಟ್ಟು ತೂಕ ಇಳಿಸಲು ಹೊರಡಬೇಡಿ. ಮಧ್ಯಾಹ್ನದ ಊಟ ಬಿಟ್ಟವನನ್ನು ಸಂಜೆ ಮಿರ್ಚಿಯ ಬಂಡಿ ಕಾಯುತ್ತಿರುತ್ತದೆ. ತಿಂಗಳಲ್ಲಿ ಹತ್ತು ಕಿಲೋ ಎಂದು ಪುಡಿ ಮಾರುವವರಿಂದಲೂ ದೂರವಿರಿ.

ನಡಿಗೆಗೂ ಓದಿನ ಸಮಯ ಕಳೆಯಬೇಕಿಲ್ಲ. ಒಂದು ನಿಲ್ದಾಣ ಮೊದಲೇ ಇಳಿಯಿರಿ. ಮಸೀದಿಗೆ ಬೈಕ್ ಬೇಡ. ಕಂಠಪಾಠ ಮಾಡಬೇಕಾದುದನ್ನು ನಡೆಯುತ್ತಲೇ ಮಾಡಿರಿ. ನಮ್ಮ ಬಿಸಿಲಿನಲ್ಲಿ ಫಜ್ರ್‌ನ ನಂತರ ಅಥವಾ ಇಶಾದ ನಂತರ ನಡೆಯುವುದೇ ಲೇಸು. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ದೊರೆತ ಮಸ್ಕಿಗೆ ದೂರದಿಂದ ಜನ ಬರುತ್ತಾರೆ. ಊರಿನ ಹುಡುಗ ಆ ಶಾಸನದವರೆಗೆ ವಾರಕ್ಕೊಮ್ಮೆ ನಡೆದು ಹೋದರೆ ಇತಿಹಾಸವೂ ಆಯಿತು, ವ್ಯಾಯಾಮವೂ ಆಯಿತು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳಬೇಕಾಗಿದೆ. ಹುಡುಗರಿಗೆ ಮೈದಾನವಿದೆ. ಹುಡುಗಿಯರಿಗೆ? 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಅವರು ಟಿಕೆಟ್ಟಿನ ಹಣವಿಲ್ಲದೆ ಕಾಲೇಜು ತಲುಪುತ್ತಿದ್ದಾರೆ. ಆದರೆ ಅರ್ಧ ಗಂಟೆ ನಡೆಯಲು ಹೊರಟರೆ ಎಲ್ಲಿಗೆ, ಏಕೆ ಎಂದು ಬೀದಿಯೇ ಕೇಳುತ್ತದೆ. ನಡೆಯಲು ಬಿಡದ ಸಮಾಜವೇ ಹೆಣ್ಣು ನೋಡಲು ಬಂದಾಗ ದಪ್ಪಗಿದ್ದಾಳೆಂದು ಮುಖ ತಿರುಗಿಸುತ್ತದೆ. ಇದೆಂಥ ನ್ಯಾಯ? ಪ್ರವಾದಿವರ್ಯರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದರು, ಒಮ್ಮೆ ಅವರು ಗೆದ್ದಿದ್ದರು ಎಂಬುದನ್ನು ನಮ್ಮ ಹೆಣ್ಮಕ್ಕಳಿಗೆ ಎಷ್ಟು ಮಂದಿ ಹೇಳಿದ್ದೇವೆ?

ಒಂದು ಎಚ್ಚರಿಕೆ. ಇಲ್ಲಿರುವ ಎಲ್ಲರೂ ತೂಕ ಇಳಿಸಬೇಕಿಲ್ಲ. ರಕ್ತಹೀನತೆಯಿಂದ ಬಳಲುವ, ತೆಳ್ಳಗಿರುವ ಮಕ್ಕಳು ಚೆನ್ನಾಗಿ ಉಣ್ಣಲಿ. ವಯಸ್ಕ ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಕಾರಣವಿಲ್ಲದೆ ತೂಕ ಏರುತ್ತಿದ್ದರೆ, ಮುಟ್ಟಿನ ಏರುಪೇರಿದ್ದರೆ ವೈದ್ಯರನ್ನು ಕಾಣಿರಿ, ನಾಚಿಕೊಳ್ಳಬೇಡಿ. ಗೆಳೆಯನ ಹೊಟ್ಟೆಯನ್ನು ನೋಡಿ ನಗುವವರು ಅವನಿಗೆ ಯಾವ ಉಪಕಾರವನ್ನೂ ಮಾಡುತ್ತಿಲ್ಲ.

ಈ ಮೂರೂ ಊರುಗಳ ಜಮಾಅತ್ ಹಿರಿಯರಲ್ಲಿ ನಮ್ಮದೊಂದು ಬೇಡಿಕೆ. ಮದುವೆಯಿಲ್ಲದ ದಿನಗಳಲ್ಲಿ ಶಾದಿಮಹಲ್‌ಗಳ, ಸಮುದಾಯದ ಶಾಲೆಗಳ ಆವರಣಗಳು ಬೀಗ ಹಾಕಿಕೊಂಡಿರುತ್ತವೆ. ಫಜ್ರ್‌ನ ಬಳಿಕ ಒಂದು ಗಂಟೆ ಅವುಗಳನ್ನು ಹೆಣ್ಮಕ್ಕಳ ನಡಿಗೆಗೆ, ಆಟಕ್ಕೆ ತೆರೆದುಕೊಡಿ. ಖರ್ಚೇನೂ ಇಲ್ಲ, ಬಾಗಿಲು ತೆರೆಯಲು ಒಬ್ಬರು ಬೇಕು. ಬೀಗದ ಕೈ ಇರುವವರು ಈ ಸಭೆಯಲ್ಲೇ ಇದ್ದರೆ, ಮುಗಿದ ಬಳಿಕ ದಯವಿಟ್ಟು ನಮ್ಮನ್ನು ಕಾಣಬೇಕು.