ಕಾಗೋಡಿನ ಕೊಳಗ

ಹಳ್ಳಿಯೆಂದರೆ ವಾಡಿಕೆಗೆ ತಲೆಬಾಗಿ ಬದುಕುವ ಜಡಸಮಾಜವೆಂಬ ಮಾತು ನಮ್ಮಂಥ ಹೊರನಾಡಿಗರ ಸಭೆಗಳಲ್ಲಿ ಸಲೀಸಾಗಿ ಬಂದುಬಿಡುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಸಮುದಾಯದ ಗೇಣಿದಾರರು ಒಡೆಯರಿಗೆ ಎದುರಾಗಿ ನಿಂತರು. ಗೇಣಿಯನ್ನೇ ಕೊಡೆವೆಂದಲ್ಲ, ಭತ್ತ ಅಳೆಯುವ ಕೊಳಗ ನ್ಯಾಯದ ಅಳತೆಯದಾಗಿರಲಿ ಎಂದು. ಒಡೆಯರ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಅದಕ್ಕಿದ್ದ ಆಧಾರ ವಾಡಿಕೆಯೊಂದೇ. ವಾಡಿಕೆಯ ಮರೆಯಲ್ಲಿ ಅಧಿಕಾರ ಕುಳಿತಿರುವುದು ಹೀಗೆಯೇ.

ಗೇಣಿದಾರರನ್ನು ಗದ್ದೆಯಿಂದ ಹೊರಗಿಟ್ಟಾಗ ಅಳತೆಯ ಪ್ರಶ್ನೆ ಭೂಮಿಯ ಪ್ರಶ್ನೆಯಾಯಿತು. ಉಳಲು ಗದ್ದೆಗಿಳಿದವರು ಸೆರೆಮನೆ ಸೇರಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿದಾರನಿಗೆ ಭೂಮಿಯ ಒಡೆತನ ದೊರಕಿಸಿದ ಕಾನೂನು ಜಾರಿಯಾದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಆಗ ಗದ್ದೆ ಪಡೆದ ಮನೆತನದವರೂ ಕಳೆದುಕೊಂಡ ಮನೆತನದವರೂ ಈ ಸಭಾಂಗಣದಲ್ಲಿ ಅಕ್ಕಪಕ್ಕದಲ್ಲೇ ಕುಳಿತಿದ್ದೇವೆ.