ಓದುವ ಮಕ್ಕಳಿಗೊಂದು ಸೂರು



ಬೆಂಗಳೂರಿನ ಬೊಮ್ಮನಹಳ್ಳಿ ಸಿಗ್ನಲ್ಲಿನಿಂದ ಯಾವ ಅಡ್ಡರಸ್ತೆಗೆ ಹೊಕ್ಕರೂ ಪಿ.ಜಿ. ಬೋರ್ಡುಗಳು ಕಾಣುತ್ತವೆ: ಟೂ ಶೇರಿಂಗ್, ತ್ರೀ ಶೇರಿಂಗ್, ಫೋರ್ ಶೇರಿಂಗ್. ಕೆಲಸ ಹುಡುಕಿ ಬಂದವರ ಪಕ್ಕದ ಮಂಚದಲ್ಲೇ ಕಾಲೇಜಿಗೆ ಬಂದವರೂ ಇರುತ್ತಾರೆ. ಓದಲು ಊರು ಬಿಟ್ಟವರು ಸೂರಿಗಾಗಿ ಅಲೆಯುವುದು ಇಂದು ನಿನ್ನೆಯದಲ್ಲ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಎಷ್ಟೋ ಬಡ ಹುಡುಗರು ವಾರಾನ್ನದ ಮೇಲೆ ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಮಲಗಲು ಛತ್ರವೋ ದೇವಸ್ಥಾನದ ಜಗಲಿಯೋ. ಆ ಅನ್ನವೂ ಜಾತಿ ಕೇಳಿಯೇ ಎಲೆಗೆ ಬೀಳುತ್ತಿತ್ತು. ದಲಿತ ಹುಡುಗನಿಗೆ ಆ ಮನೆಗಳ ಹೊಸ್ತಿಲು ದಾಟುವಂತಿರಲಿಲ್ಲ.

ಜಾತಿಯ ಆ ಗೋಡೆ ಒಡೆಯಲು ಕೆಲವರು ಮುಂದೆ ಬಂದರು. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆಯ ಜೊತೆಗೆ ಹಾಸ್ಟೆಲನ್ನೂ ನಡೆಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅದೇ ಹಾದಿ ಹಿಡಿದರು. ಬಡ ಮಕ್ಕಳಿಗೆ ಆಸರೆಯಾದ ದಾನಿಗಳೂ ಇದ್ದರು: ಅಲ್ಲಿನ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬಾಗಿಲು ತೆರೆಯಿತು. ಅವರ ಧರ್ಮಸಂಸ್ಥೆಯ ಉಚಿತ ವಿದ್ಯಾರ್ಥಿನಿಲಯದಲ್ಲಿ ಹಳ್ಳಿಯ ಹುಡುಗರು ಉಂಡು ಓದಿದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಮೂರನ್ನೂ ಕೊಟ್ಟರು.

ದಾನಿಗಳ ಹೆಗಲ ಮೇಲಿದ್ದ ಹೊಣೆಯ ದೊಡ್ಡ ಪಾಲನ್ನು ಸರ್ಕಾರ ಹೊತ್ತದ್ದು ಎಪ್ಪತ್ತರ ದಶಕದಲ್ಲಿ. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿದವು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ತಲೆಮಾರು ಅಲ್ಲಿ ಬೆಳೆಯಿತು. ಆದರೆ ಅರ್ಜಿ ಹಾಕಿದವರಿಗೆಲ್ಲ ಸೀಟು ಸಾಲಲಿಲ್ಲ. ಅದಕ್ಕಾಗಿಯೇ 2013-14ರಲ್ಲಿ ವಿದ್ಯಾಸಿರಿ ಯೋಜನೆ ಬಂತು: ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ತಿಂಗಳಿಗೆ 1500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಇಂದಿನ ಬೊಮ್ಮನಹಳ್ಳಿಯಲ್ಲಿ ಆ ದುಡ್ಡಿಗೆ ಊಟವಿರಲಿ, ಒಂದು ಮಂಚವೂ ಹುಟ್ಟುವುದಿಲ್ಲ.

ಮಂಚ ಸಿಕ್ಕವರಿಗೂ ನೀರಿನ ಚಿಂತೆ ತಪ್ಪಲಿಲ್ಲ: 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ ಈ ಪ್ರದೇಶಕ್ಕೆ ಜನ ಬಂದಷ್ಟು ಬೇಗ ಕಾವೇರಿ ನೀರು ಬರಲಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜನ ಟ್ಯಾಂಕರ್ ಕಾಯಬೇಕಾಯಿತು. ಅದೇ ವರ್ಷ ಪಾಲಿಕೆ ಪಿ.ಜಿ.ಗಳಿಗೆ ಮಾರ್ಗಸೂಚಿ ತಂದಿತು: ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿ.ಸಿ.ಟಿ.ವಿ. ಕಣ್ಗಾವಲು.

ಈ ಅಳತೆಗಳು ಬೇಕು, ನಿಜ; ಆದರೆ ಅಷ್ಟೇ ಸಾಲದು. ಬಾಡಿಗೆ ಒಂದು ತಿಂಗಳು ತಪ್ಪಿದರೆ ಪರೀಕ್ಷೆಯ ಹೊತ್ತಿಗೆ ಗಂಟುಮೂಟೆ ಕಟ್ಟಬೇಕಾದ ಹುಡುಗಿಗೆ ಲಿಖಿತ ಕರಾರೂ ಬೇಕು, ಹೊರಡಲು ಇಂತಿಷ್ಟು ದಿನದ ಗಡುವೂ ಬೇಕು. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಾರದೆ ಗೆಳೆಯನ ಕೋಣೆಯಲ್ಲಿ ಚಾಪೆ ಹಾಸುವ ಹುಡುಗನಿಗೆ ಬೆಂಗಳೂರಿನ ಬಾಡಿಗೆಗೆ ತಕ್ಕ ನೆರವು ಬೇಕು. ಅದೂ ತರಗತಿ ಶುರುವಾಗುವ ಮೊದಲೇ ಅವನ ಕೈ ಸೇರಬೇಕು.